ಮಧ್ಯಮ ಗಾತ್ರದ ಜೆಟ್ ವಿಮಾನಗಳು ಮತ್ತು ಪೈಲಟ್ ಕೆಲಸ: ಯಾವ ಟೈಪ್ ರೇಟಿಂಗ್‌ಗೆ ಹಣ ಹಾಕಬೇಕು?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗ ಕಳೆದ ವರ್ಷ ಸಿಪಿಎಲ್, ಅಂದರೆ ವಾಣಿಜ್ಯ ಪೈಲಟ್ ಪರವಾನಗಿ, ಪಡೆದು ಊರಿಗೆ ಬಂದಿದ್ದಾನೆ. 200 ಗಂಟೆಗಳ ಹಾರಾಟ ಮುಗಿದಿದೆ, ವಿಮಾನಯಾನದ ಸರ್ಕಾರಿ ನಿಯಂತ್ರಣ ಸಂಸ್ಥೆಯಾದ ಡಿಜಿಸಿಎಯ ಪರೀಕ್ಷೆಗಳೆಲ್ಲ ಆಗಿವೆ, ಒಂದನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವೂ ಕೈಯಲ್ಲಿದೆ. ಕೆಲಸ ಮಾತ್ರ ಇನ್ನೂ ಸಿಕ್ಕಿಲ್ಲ. ತರಬೇತಿಗಾಗಿ ಭಾವ ಈಗಾಗಲೇ ತೋಟದ ಮೇಲೆ ಸಾಲ ಮಾಡಿದ್ದಾರೆ, ಪಹಣಿಯಲ್ಲಿ ಬ್ಯಾಂಕಿನ ಬೋಜ ಕೂತಿದೆ. ಎಲೆಚುಕ್ಕಿ ರೋಗ ಬಂದ ಮೇಲೆ ಫಸಲು ಮೊದಲಿನಂತಿಲ್ಲ. ಇಂಥ ಸಮಯದಲ್ಲಿ ಒಂದು ತರಬೇತಿ ಸಂಸ್ಥೆಯವರು, ಏರ್‌ಬಸ್ ಎ320ರ ಟೈಪ್ ರೇಟಿಂಗ್ ಮಾಡಿಸಿದರೆ ಕೆಲಸ ಬೇಗ ಸಿಗುತ್ತದೆ, ಸುಮಾರು 15 ಲಕ್ಷ ರೂಪಾಯಿ ಆಗುತ್ತದೆ ಎಂದು ಹೇಳುತ್ತಿದ್ದಾರೆ. ಇನ್ನೊಬ್ಬರು, ನಿಮ್ಮ ಊರಿಗೇ ಸ್ಟಾರ್ ಏರ್‌ನವರ ಎಂಬ್ರೇಯರ್ 175 ಬರುತ್ತಿದೆ, ಮುಂದೆ ಚಿಕ್ಕ ಊರುಗಳಿಗೆಲ್ಲ ಇಂಥ ಜೆಟ್‌ಗಳೇ ಬರುವುದರಿಂದ ಅದರ ರೇಟಿಂಗ್ ಮಾಡಿಸಿ ಎನ್ನುತ್ತಾರೆ.

ಭಾವ ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತು ಈ ಎರಡು ಕಾಗದಗಳನ್ನೂ ನನ್ನ ಕೈಗೆ ಕೊಟ್ಟು, 'ನೀನೇ ವಿಚಾರಿಸಿ ಹೇಳು' ಎಂದಿದ್ದಾರೆ. ವಿಮಾನಯಾನದ ವಿಷಯ ನನಗೆ ಪತ್ರಿಕೆಯಲ್ಲಿ ಓದಿದಷ್ಟೇ ಗೊತ್ತು. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದ ರನ್‌ವೇ 3,200 ಮೀಟರ್ ಉದ್ದವಿದೆ, ಎ320 ಕೂಡ ಇಳಿಯಬಹುದು ಎಂದು 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದಾಗ ಓದಿದ್ದೆ. ಆದರೆ ಆ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಮೊದಲ ಪ್ರಯಾಣಿಕ ವಿಮಾನ ಇಂಡಿಗೋದ ಎಟಿಆರ್, ಅಂದರೆ ಪಂಖ ತಿರುಗುವ ಚಿಕ್ಕ ವಿಮಾನ. ಎಟಿಆರ್‌ಗೂ ಎ320ಕ್ಕೂ ನಡುವೆ 100ರಿಂದ 140 ಆಸನಗಳ ಜೆಟ್‌ಗಳು ಬೇರೆ ದೇಶಗಳಲ್ಲಿ ಹಾರುತ್ತಿರುವಾಗ ನಮ್ಮ ಕಂಪನಿಗಳು ಅವುಗಳನ್ನು ಏಕೆ ಕೊಳ್ಳುತ್ತಿಲ್ಲ? ಕಂಪನಿಯವರು ಯಾವ ವಿಮಾನ ಕೊಳ್ಳುತ್ತಾರೆ ಎಂಬುದು ಹೊಸ ಪೈಲಟ್‌ನ ಕೆಲಸದ ಮೇಲೆ ಹೇಗೆ ಪರಿಣಾಮ ಬೀರುತ್ತದೆ? ಈ ಎರಡು ರೇಟಿಂಗ್‌ಗಳಲ್ಲಿ ಯಾವುದಕ್ಕಾದರೂ ಈಗ ಹಣ ಹಾಕಬಹುದೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ 1: ಸಹಪೈಲಟ್, ಕೊಪ್ಪ

ತೋಟದಮನೆಯವರೇ, ನಾನು ಎಟಿಆರ್ ಹಾರಿಸುವ ಸಹಪೈಲಟ್. ನಮ್ಮ ಮನೆಯಲ್ಲೂ ನಾಲ್ಕು ವರ್ಷಗಳ ಹಿಂದೆ ಇದೇ ಮಾತು ನಡೆದಿತ್ತು, ಆದ್ದರಿಂದ ನಿಮ್ಮ ಭಾವನವರ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಮೊದಲು ಟೈಪ್ ರೇಟಿಂಗ್ ಎಂದರೇನು ಎಂಬುದು ಮನೆಯವರೆಲ್ಲರಿಗೂ ಸ್ಪಷ್ಟವಾಗಬೇಕು. ಲಾರಿ ಓಡಿಸುವ ಲೈಸೆನ್ಸ್ ಇದ್ದವರು ಯಾವ ಕಂಪನಿಯ ಲಾರಿಯನ್ನಾದರೂ ಓಡಿಸಬಹುದು. ವಿಮಾನದಲ್ಲಿ ಹಾಗಲ್ಲ. ಸಿಪಿಎಲ್ ಇದ್ದರೂ ಪ್ರತಿಯೊಂದು ಮಾದರಿಗೂ ಪ್ರತ್ಯೇಕ ತರಬೇತಿ ಪಡೆದು, ಪರೀಕ್ಷೆ ಕೊಟ್ಟು, ಆ ಮಾದರಿಯ ಹೆಸರನ್ನು ಪರವಾನಗಿಯಲ್ಲಿ ಬರೆಸಿಕೊಳ್ಳಬೇಕು. ಎ319, ಎ320, ಎ321 ಮೂರಕ್ಕೂ ಒಂದೇ ರೇಟಿಂಗ್ ಸಾಕು. ಎಂಬ್ರೇಯರ್ 170ರಿಂದ 195ರವರೆಗಿನ ವಿಮಾನಗಳಿಗೂ ಒಂದೇ ಸಾಕು. ಎಟಿಆರ್ 42 ಮತ್ತು 72ಕ್ಕೂ ಹಾಗೆಯೇ. ಆದರೆ ಎಟಿಆರ್ ಹಾರಿಸುವ ನಾನು ನಾಳೆ ಎಂಬ್ರೇಯರ್ ಅಥವಾ ಎ320ರಲ್ಲಿ ಕೂರುವಂತಿಲ್ಲ. ಹಾಗಾಗಿ ಕಂಪನಿ ಒಂದು ಮಾದರಿಯನ್ನು ಆರಿಸಿಕೊಂಡಾಗ ಅದರಲ್ಲಿ ಕೆಲಸ ಮಾಡುವ ನೂರಾರು ಜನರ ಮುಂದಿನ ಹತ್ತು ವರ್ಷಗಳೂ ಆ ಮಾದರಿಗೆ ಕಟ್ಟುಬೀಳುತ್ತವೆ.

ಕಂಪನಿಗಳು ಒಂದೇ ಮಾದರಿಗೆ ಅಂಟಿಕೊಳ್ಳುವುದಕ್ಕೂ ಇದೇ ಕಾರಣ. ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ನಾನು ಮನೆಯಲ್ಲಿ ಸ್ಟ್ಯಾಂಡ್‌ಬೈ ಇದ್ದೆ. ಅಂದರೆ ಕರೆ ಬಂದರೆ ಸಮವಸ್ತ್ರ ಹಾಕಿಕೊಂಡು ಹೊರಡಬೇಕು. ಆ ದಿನ ಕಂಪನಿಯಲ್ಲಿ ಎ320ರ ಇಬ್ಬರು ಸಹಪೈಲಟ್‌ಗಳು ಜ್ವರವೆಂದು ರಜೆ ಹಾಕಿದ್ದರಿಂದ ಎರಡು ವಿಮಾನಗಳು ತಡವಾದವು. ನಾನು ಮತ್ತು ನನ್ನಂಥ ಮೂವರು ಸಿದ್ಧರಾಗಿ ಕೂತಿದ್ದರೂ ಒಬ್ಬರಿಂದಲೂ ಉಪಯೋಗವಾಗಲಿಲ್ಲ, ಏಕೆಂದರೆ ನಾವೆಲ್ಲ ಎಟಿಆರ್‌ನವರು. ಎರಡು ಮಾದರಿ ಇಟ್ಟುಕೊಂಡ ಕಂಪನಿ ಎರಡು ಪಾಲು ಕಾಯ್ದಿರಿಸಿದ ಪೈಲಟ್‌ಗಳಿಗೆ ಸಂಬಳ ಕೊಡಬೇಕು, ಬಿಡಿಭಾಗಗಳ ಎರಡು ದಾಸ್ತಾನು ಇಡಬೇಕು, ಎರಡು ಬಗೆಯ ತರಬೇತುದಾರರನ್ನು ಬೆಳೆಸಬೇಕು. ಮೂರನೆಯ ಮಾದರಿ ತರುವ ಮೊದಲು ಯಾವ ಕಂಪನಿಯಾದರೂ ಹತ್ತು ಸಲ ಯೋಚಿಸುತ್ತದೆ.

ಇನ್ನು ಕೆಲಸದ ಸಂಖ್ಯೆ. 78 ಆಸನಗಳ ಎಟಿಆರ್‌ನ ಕಾಕ್‌ಪಿಟ್‌ನಲ್ಲಿ ಇಬ್ಬರು, 130 ಆಸನಗಳ ಮಧ್ಯಮ ಜೆಟ್‌ನಲ್ಲಿ ಇಬ್ಬರು, 180 ಆಸನಗಳ ಎ320ರಲ್ಲೂ ಇಬ್ಬರೇ. ದಿನಕ್ಕೆ 520 ಜನರನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸಬೇಕೆಂದರೆ ಎಟಿಆರ್ ಏಳು ಸಲ ಹಾರಬೇಕು, ಮಧ್ಯಮ ಜೆಟ್ ನಾಲ್ಕು ಸಲ, ಎ320 ಮೂರು ಸಲ. ಜನರ ಸಂಖ್ಯೆ ಅಷ್ಟೇ ಇದ್ದರೂ ವಿಮಾನ ಚಿಕ್ಕದಾದಷ್ಟೂ ಪೈಲಟ್‌ಗಳು ಹೆಚ್ಚು ಬೇಕಾಗುತ್ತಾರೆ ಎಂಬುದು ನಮಗೆ ಒಳ್ಳೆಯ ಸುದ್ದಿ. ಅದೇ ಲೆಕ್ಕ ಕಂಪನಿಯ ಹಣಕಾಸು ವಿಭಾಗಕ್ಕೆ ಕೆಟ್ಟ ಸುದ್ದಿ. ಮಧ್ಯಮ ಜೆಟ್ ಬಂದರೆ ಒಳ್ಳೆಯದೇ ಎಂದು ನಾವು ಹೇಳುವಾಗ, ಅದು ಎಟಿಆರ್‌ನ ಜಾಗಕ್ಕೆ ಬರುತ್ತದೋ ಎ320ರ ಜಾಗಕ್ಕೆ ಬರುತ್ತದೋ ಎಂಬುದನ್ನೂ ನೋಡಬೇಕು. ಎ320ರ ಜಾಗಕ್ಕೆ ಬಂದರೆ ಕೆಲಸ ಹೆಚ್ಚುತ್ತದೆ, ಎಟಿಆರ್‌ನ ಜಾಗಕ್ಕೆ ಬಂದರೆ ಕಡಿಮೆಯಾಗುತ್ತದೆ.

ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ: ಕೆಲಸದ ಪತ್ರ ಕೈಗೆ ಬರುವ ಮೊದಲು ಯಾವ ರೇಟಿಂಗ್‌ಗೂ ಸಾಲ ಮಾಡಬೇಡಿ. ಸಿಮ್ಯುಲೇಟರ್‌ನಲ್ಲಿ ಕಲಿತದ್ದು ನಿಜವಾದ ವಿಮಾನದಲ್ಲಿ ಕೈಗೆ ಹತ್ತಬೇಕಾದರೆ ಕಂಪನಿಯ ಒಳಗೇ ಲೈನ್ ತರಬೇತಿ, ಅಂದರೆ ಪ್ರಯಾಣಿಕರಿರುವ ಹಾರಾಟಗಳಲ್ಲಿ ತರಬೇತುದಾರರ ಜೊತೆ ಕಲಿಯುವುದು, ಆಗಬೇಕು. ಹೊರಗಡೆ ರೇಟಿಂಗ್ ಮಾಡಿಸಿಕೊಂಡು ಒಂದೂವರೆ ವರ್ಷ ಮನೆಯಲ್ಲಿ ಕೂತ ಹುಡುಗರನ್ನು ನಾನು ಬಲ್ಲೆ. ಕರೆ ಬಂದಾಗ ಅವರು ಮತ್ತೆ ಹಣ ಕೊಟ್ಟು ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿಕೊಳ್ಳಬೇಕಾಯಿತು.

ಉತ್ತರ 2: ನಿವೃತ್ತ ವಿಮಾನ ಇಂಜಿನಿಯರ್, ಸಾಗರ

ಕೊಪ್ಪದವರು ಪೈಲಟ್‌ನ ಕಡೆಯಿಂದ ಸರಿಯಾಗಿ ಬರೆದಿದ್ದಾರೆ. ನಾನು ಮೂವತ್ತು ವರ್ಷ ವಿಮಾನಗಳ ನಿರ್ವಹಣೆಯಲ್ಲಿದ್ದವನು. ಮಧ್ಯಮ ಜೆಟ್ ನಮ್ಮ ದೇಶದಲ್ಲಿ ಏಕೆ ನಿಲ್ಲುತ್ತಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡಿದೆ, ಆದ್ದರಿಂದ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ.

ನಮ್ಮಲ್ಲಿ ಎರಡು ಗೆರೆಗಳಿವೆ. 80ಕ್ಕಿಂತ ಕಡಿಮೆ ಆಸನಗಳ ವಿಮಾನವನ್ನು ನಿಗದಿತ ದೇಶೀಯ ಸೇವೆಯಲ್ಲಿ ಹಾರಿಸಿದರೆ ನಿಲ್ದಾಣದಲ್ಲಿ ಇಳಿಯುವ ಶುಲ್ಕವಿಲ್ಲ. ಗರಿಷ್ಠ ತೂಕ 40 ಟನ್‌ಗಿಂತ ಕಡಿಮೆ ಇದ್ದರೆ ಇಂಧನದ ಮಾರಾಟ ತೆರಿಗೆಯಲ್ಲಿ ದೊಡ್ಡ ರಿಯಾಯಿತಿ ಇದೆ. ವಿಮಾನ ಕಂಪನಿಗೆ ಅತಿ ದೊಡ್ಡ ಖರ್ಚು ಇಂಧನವೇ ಎಂಬುದನ್ನು ನೆನಪಿಟ್ಟುಕೊಳ್ಳಿ. ಇಂಡಿಗೋದ ಎಟಿಆರ್‌ನಲ್ಲಿ 78 ಆಸನಗಳೂ ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲಿ 76 ಆಸನಗಳೂ ಇರುವುದನ್ನು ಈ ಗೆರೆಯ ಪಕ್ಕದಲ್ಲಿಟ್ಟು ನೋಡಿ. ಎಂಬ್ರೇಯರ್‌ನ ಹೊಸ ಇ2 ಸರಣಿಯ 190 ಮತ್ತು 195 ವಿಮಾನಗಳು, ಏರ್‌ಬಸ್‌ನ ಎ220 ವಿಮಾನಗಳು ಈ ಎರಡೂ ಗೆರೆಗಳನ್ನು ದಾಟುತ್ತವೆ. ಗೆರೆ ದಾಟಿದ ಮೇಲೆ ಎ320ಕ್ಕೆ ಯಾವ ದರವೋ ಅದೇ ದರದಲ್ಲಿ ಇಂಧನದ ತೆರಿಗೆ ಕಟ್ಟಬೇಕು, ಆದರೆ ಟಿಕೆಟ್ ಮಾರಲು 50 ಆಸನ ಕಡಿಮೆ. ಆಗುಂಬೆ ಘಾಟಿಯಲ್ಲಿ ಮಿನಿ ಬಸ್ ಹೋಗುತ್ತದೆ, ಬಯಲುಸೀಮೆಯ ಹೆದ್ದಾರಿಯಲ್ಲಿ ಉದ್ದನೆಯ ಬಸ್ ಲಾಭ ತರುತ್ತದೆ. ಎರಡರ ನಡುವಿನ ಬಸ್ ಘಾಟಿಗೂ ದೊಡ್ಡದು, ಹೆದ್ದಾರಿಗೂ ಚಿಕ್ಕದು ಎಂಬಂಥ ಸ್ಥಿತಿ ಇದು.

ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ಪ್ಯಾರಾಮೌಂಟ್ ಏರ್‌ವೇಸ್ 2005ರಲ್ಲಿ ಎಂಬ್ರೇಯರ್ 170 ಮತ್ತು 175 ವಿಮಾನಗಳನ್ನು ತಂದು ದಕ್ಷಿಣದ ಊರುಗಳಿಗೆ ಹಾರಿಸಿತು. ವಿಮಾನಗಳನ್ನು ಗುತ್ತಿಗೆ ಕೊಟ್ಟವರೊಂದಿಗೆ ವ್ಯಾಜ್ಯ ಬಂದು 2010ರಲ್ಲಿ ನಿಂತಿತು. ವಿಜಯವಾಡದ ಏರ್ ಕೋಸ್ಟಾ 2013ರಲ್ಲಿ ಎಂಬ್ರೇಯರ್ 170 ಮತ್ತು 190ರೊಂದಿಗೆ ಆರಂಭವಾಯಿತು, 2014ರಲ್ಲಿ 50 ಇ2 ವಿಮಾನಗಳಿಗೆ ಬೇಡಿಕೆಯನ್ನೂ ಸಲ್ಲಿಸಿತು. 2017ರಲ್ಲಿ ಹಾರಾಟ ನಿಲ್ಲಿಸಿತು, ಆ 50ರಲ್ಲಿ ಒಂದೂ ಬರಲಿಲ್ಲ. ಅನಂತರ ಈ ಮಾದರಿ ಮತ್ತೆ ಪ್ರಯಾಣಿಕ ಸೇವೆಗೆ ಬಂದದ್ದು 2023ರಲ್ಲಿ, ಸ್ಟಾರ್ ಏರ್ ಮೂಲಕ. ತೋಟದಮನೆಯವರೇ, ನಿಮ್ಮ ಹುಡುಗನ ಎಂಬ್ರೇಯರ್ ರೇಟಿಂಗ್ ಬಗ್ಗೆ ಯೋಚಿಸುವಾಗ ಈ ಇಸವಿಗಳನ್ನು ಎದುರಿಗಿಟ್ಟುಕೊಳ್ಳಿ. 2010ರಲ್ಲಿ ಒಬ್ಬ ಪೈಲಟ್‌ನ ಪರವಾನಗಿಯಲ್ಲಿ ಎಂಬ್ರೇಯರ್ ಎಂದು ಬರೆದಿದ್ದರೆ, ಆ ಮಾದರಿಯ ಪ್ರಯಾಣಿಕ ಸೇವೆಯಲ್ಲಿ ಮುಂದುವರಿಯಲು ಅವನು ವಿದೇಶಕ್ಕೆ ಹೋಗಬೇಕಿತ್ತು, ಇಲ್ಲವೇ ಬೇರೆ ಮಾದರಿಯನ್ನು ಮೊದಲಿನಿಂದ ಕಲಿಯಬೇಕಿತ್ತು. 2017ರಲ್ಲಿ ಇನ್ನೊಂದು ತಂಡಕ್ಕೆ ಅದೇ ಗತಿಯಾಯಿತು. ವಿಮಾನದಲ್ಲಿ ಯಾವ ದೋಷವೂ ಇರಲಿಲ್ಲ. ನಾನು ಬಿಚ್ಚಿ ಜೋಡಿಸಿದ ಚಿಕ್ಕ ಜೆಟ್‌ಗಳಲ್ಲಿ ಎಂಬ್ರೇಯರ್‌ನಷ್ಟು ಅಚ್ಚುಕಟ್ಟಾದದ್ದು ಇನ್ನೊಂದಿಲ್ಲ. ಪ್ರತಿಯೊಂದು ತಪಾಸಣಾ ಬಾಗಿಲೂ ಇಂಜಿನಿಯರ್‌ನ ಕೈ ಎಲ್ಲಿಗೆ ಎಟುಕುತ್ತದೋ ಅಲ್ಲೇ ಇರುತ್ತದೆ. ಆದರೆ ಒಂದೇ ಕಂಪನಿ ಹಾರಿಸುವ ಮಾದರಿಯಲ್ಲಿ ಪೈಲಟ್‌ನ ಬದುಕೂ ಆ ಒಂದು ಕಂಪನಿಯ ಬದುಕೂ ಒಂದೇ ಹಗ್ಗದಲ್ಲಿ ಕಟ್ಟಿರುತ್ತವೆ.

ಅಮೆರಿಕದ ಪರಿಸ್ಥಿತಿ ಇದಕ್ಕೆ ಹೋಲುತ್ತದೆ, ಕಾರಣ ಮಾತ್ರ ಬೇರೆ. ಅಲ್ಲಿ ದೊಡ್ಡ ಕಂಪನಿಗಳ ಪೈಲಟ್ ಸಂಘಗಳು ತಮ್ಮ ಒಪ್ಪಂದದಲ್ಲಿ 'ಸ್ಕೋಪ್' ಎಂಬ ಷರತ್ತನ್ನು ಇಟ್ಟಿವೆ. ಕಡಿಮೆ ಸಂಬಳದ ಪ್ರಾದೇಶಿಕ ಕಂಪನಿಗಳಿಗೆ 76 ಆಸನಗಳಿಗಿಂತ ದೊಡ್ಡ, 86,000 ಪೌಂಡ್ ಅಂದರೆ ಸುಮಾರು 39 ಟನ್‌ಗಿಂತ ಭಾರದ ವಿಮಾನಗಳನ್ನು ಒಪ್ಪಿಸಬಾರದು ಎಂಬುದು ಅದರ ಸಾರ. ಎಂಬ್ರೇಯರ್‌ನವರು ಹೊಸ ಎಂಜಿನ್ ಹಾಕಿ ಇ175-ಇ2 ಎಂಬ ವಿಮಾನವನ್ನು ರೂಪಿಸಿದರು. ಎಂಜಿನ್ ಭಾರವಾದದ್ದರಿಂದ ಅದು ಈ ಮಿತಿ ದಾಟಿತು, ಅಮೆರಿಕದಲ್ಲಿ ಕೊಳ್ಳುವವರಿಲ್ಲದೆ ಯೋಜನೆಯೇ ನಿಂತಿತು. ಹಳೆಯ ಇ175 ಇಂದಿಗೂ ತಯಾರಾಗುತ್ತಿದೆ. ನಮ್ಮಲ್ಲಿ ತೆರಿಗೆಯ ನಿಯಮ ಎಳೆದ ಗೆರೆಯನ್ನೂ ಅಲ್ಲಿ ಪೈಲಟ್‌ಗಳು ತಮ್ಮ ಕೆಲಸ ಉಳಿಸಿಕೊಳ್ಳಲು ಎಳೆದ ಗೆರೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಎರಡೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಬೀಳುತ್ತವೆ. ಅಮೆರಿಕದ ಡೆಲ್ಟಾ ಕಂಪನಿ 2016ರಲ್ಲಿ, ಆಗ ಬೊಂಬಾರ್ಡಿಯರ್ ತಯಾರಿಸುತ್ತಿದ್ದ ಸಿ ಸೀರೀಸ್ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. 2018ರಲ್ಲಿ ಏರ್‌ಬಸ್ ಆ ಯೋಜನೆಯನ್ನು ವಹಿಸಿಕೊಂಡ ಮೇಲೆ ಅದಕ್ಕೆ ಎ220 ಎಂಬ ಹೆಸರು ಬಂತು. ಷರತ್ತಿನ ಮಿತಿಗಿಂತ ದೊಡ್ಡದಾದ್ದರಿಂದ ಅದನ್ನು ಡೆಲ್ಟಾದ ಸ್ವಂತ ಪೈಲಟ್‌ಗಳೇ ಹಾರಿಸುತ್ತಾರೆ. ಅಂದರೆ ಮಧ್ಯಮ ಜೆಟ್ ಅಲ್ಲಿ ಒಳ್ಳೆಯ ಸಂಬಳದ ಕೆಲಸವಾಗಿ ಬಂತು. ಯಾವ ವಿಮಾನ ಬರುತ್ತದೆ ಎಂಬಷ್ಟೇ ಮುಖ್ಯವಾದದ್ದು ಅದನ್ನು ಯಾರ ಕೈಗೆ ಕೊಡುತ್ತಾರೆ ಎಂಬುದು.

ಇನ್ನೊಂದು ವಿಷಯವನ್ನು ಹೇಳದೆ ಮುಗಿಸಲಾರೆ. ಎ220 ವಿಮಾನಗಳ ಬಾಗಿಲುಗಳನ್ನೆಲ್ಲ ತಯಾರಿಸುವ ಗುತ್ತಿಗೆಯನ್ನು ಏರ್‌ಬಸ್ 2024ರ ಫೆಬ್ರುವರಿಯಲ್ಲಿ ಬೆಂಗಳೂರಿನ ಡೈನಮ್ಯಾಟಿಕ್ ಟೆಕ್ನಾಲಜೀಸ್‌ಗೆ ಕೊಟ್ಟಿದೆ. ನಮ್ಮ ರಾಜ್ಯದ ಕೆಲಸಗಾರರು ಮಾಡಿದ ಬಾಗಿಲು ತೆರೆದು ಬೇರೆ ದೇಶದವರು ಆ ವಿಮಾನ ಹತ್ತುತ್ತಾರೆ. ನಮ್ಮ ಯಾವ ಕಂಪನಿಯೂ ಅದಕ್ಕೆ ಬೇಡಿಕೆ ಸಲ್ಲಿಸಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಶಿವಮೊಗ್ಗದಿಂದ ನೇರವಾಗಿ ದೆಹಲಿಗೆ ಹಾರಬಲ್ಲ, 130 ಜನರಿಂದ ತುಂಬಬಹುದಾದ ವಿಮಾನ ಅದು. 180 ಜನರನ್ನು ದಿನವೂ ಇಲ್ಲಿಂದ ತುಂಬಿಸುವುದು ಸುಲಭವಲ್ಲ, ಎಟಿಆರ್‌ಗೆ ಅಷ್ಟು ದೂರ ಆಗುವುದಿಲ್ಲ.

ಉತ್ತರ 3: ವಿನೋಬನಗರ, ಶಿವಮೊಗ್ಗ

ಹಿರಿಯರ ಮಾತುಗಳನ್ನು ಗೌರವಿಸುತ್ತೇನೆ, ಆದರೆ ಇಷ್ಟು ಹೆದರಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. 2023ರಲ್ಲಿ ಇಂಡಿಗೋ ಒಂದೇ ಸಲಕ್ಕೆ 500 ಎ320 ಸರಣಿಯ ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು, ಏರ್ ಇಂಡಿಯಾ ಏರ್‌ಬಸ್ ಮತ್ತು ಬೋಯಿಂಗ್ ಸೇರಿಸಿ 470ಕ್ಕೆ ಸಲ್ಲಿಸಿತು. 2024ರ ಜನವರಿಯಲ್ಲಿ ಆಕಾಸ ಏರ್ ಇನ್ನೂ 150 ಬೋಯಿಂಗ್ 737 ಮ್ಯಾಕ್ಸ್ ಕೇಳಿತು. ಮುಂದಿನ 15ರಿಂದ 20 ವರ್ಷಗಳಲ್ಲಿ ದೇಶಕ್ಕೆ 30,000 ಪೈಲಟ್‌ಗಳು ಬೇಕಾಗುತ್ತಾರೆ ಎಂದು ವಿಮಾನಯಾನ ಸಚಿವರೇ ಹೇಳಿದ್ದಾರೆ. ಎ320 ಹೆಚ್ಚು ಕಂಪನಿಗಳಲ್ಲಿ ಇರುವ ಮಾದರಿಯಾದ್ದರಿಂದ ಅದರ ರೇಟಿಂಗ್ ವ್ಯರ್ಥವಾಗುವುದಿಲ್ಲ. ಸಾಲ ಮಾಡಿಯಾದರೂ ಈಗಲೇ ಮುಗಿಸಿಕೊಂಡರೆ ಸರದಿಯಲ್ಲಿ ಮುಂದೆ ನಿಲ್ಲಬಹುದು. ಮಧ್ಯಮ ಜೆಟ್‌ನ ಚರ್ಚೆ ನಮ್ಮ ಹುಡುಗರಿಗೆ ಅನಗತ್ಯ.

ಉತ್ತರ 4: ಹೊಸನಗರದ ಗೃಹಿಣಿ

ವಿನೋಬನಗರದವರೇ, ನಿಮ್ಮ ಅಂಕಿಗಳ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಮಾತ್ರ ಹೇಳುತ್ತೇನೆ.

ನನ್ನ ಯಜಮಾನರು ಪೈಲಟ್. ಅವರು ಕೆಲಸ ಮಾಡುತ್ತಿದ್ದ ಕಂಪನಿಯ ಹೆಸರು ಇಲ್ಲಿ ಬೇಡ. ಎಂಜಿನ್‌ಗಳ ತೊಂದರೆಯಿಂದ ಮೊದಲು ಕೆಲವು ವಿಮಾನಗಳು ನಿಂತವು, ಮತ್ತೆ ಅರ್ಧದಷ್ಟು ನಿಂತವು. ಸಂಬಳದ ದೊಡ್ಡ ಭಾಗ ಹಾರಿದ ಗಂಟೆಗಳಿಗೆ ತಕ್ಕಂತೆ ಬರುತ್ತಿದ್ದುದರಿಂದ, ಕೆಲಸ ಇದ್ದೂ ಆದಾಯ ಕುಸಿಯುತ್ತಾ ಬಂತು. ಕೊನೆಗೆ ಕಂಪನಿಯೇ ಬಾಗಿಲು ಹಾಕಿತು, ವಿಮಾನಗಳ ಮಾಲೀಕರು ವಿಮಾನಗಳನ್ನು ತೆಗೆದುಕೊಂಡು ಹೋದರು. ಯಜಮಾನರು ಕ್ಯಾಪ್ಟನ್ ಆಗಲು ಆರು ತಿಂಗಳು ಬಾಕಿ ಇತ್ತು. ಕ್ಯಾಪ್ಟನ್‌ನ ಗುರುತಾದ ನಾಲ್ಕನೇ ಪಟ್ಟಿ ಭುಜದ ಮೇಲೆ ಬಂದ ಮೇಲೆ ಹೊಲಿಸಬೇಕೆಂದು ಹೊಸ ಅಂಗಿಯ ಬಟ್ಟೆ ತಂದಿಟ್ಟಿದ್ದೆ, ಅದು ಈಗಲೂ ಬೀರುವಿನಲ್ಲಿದೆ.

ಅವರದೂ ಹೆಚ್ಚು ಕಂಪನಿಗಳಲ್ಲಿ ಇದ್ದ ಮಾದರಿಯೇ. ಆದರೆ ಒಂದೇ ದಿನ ನೂರಾರು ಪೈಲಟ್‌ಗಳು ಅದೇ ರೇಟಿಂಗ್ ಹಿಡಿದು ಅದೇ ಎರಡು ಮೂರು ಬಾಗಿಲುಗಳ ಮುಂದೆ ನಿಂತರು. ಹಾರದೆ ಮೂರು ತಿಂಗಳು ಕಳೆದರೆ ಮತ್ತೆ ಹಾರುವ ಮೊದಲು ಅಭ್ಯಾಸ ಮಾಡಿ ತೋರಿಸಬೇಕು, ಆರು ತಿಂಗಳಿಗೊಮ್ಮೆ ಕೌಶಲ ಪರೀಕ್ಷೆ ಕೊಡಬೇಕು. ಕಂಪನಿ ಇದ್ದಾಗ ಅದರ ಖರ್ಚು ಕಂಪನಿಯದು, ಕಂಪನಿ ಇಲ್ಲದಾಗ ನಮ್ಮದು. ಹನ್ನೊಂದು ತಿಂಗಳು ಅವರು ಇಲ್ಲೇ ಇದ್ದರು. ಬೆಳಿಗ್ಗೆ ತೋಟಕ್ಕೆ ಹೋಗಿ ಬಂದು, ಮಧ್ಯಾಹ್ನ ಜಗಲಿಯಲ್ಲಿ ಕೂತು, ಕಾಕ್‌ಪಿಟ್‌ನ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು, ಒಂದೊಂದೇ ಸ್ವಿಚ್‌ನ ಮೇಲೆ ಬೆರಳಿಟ್ಟು ಹೆಸರು ಹೇಳಿ ಅಭ್ಯಾಸ ಮಾಡುತ್ತಿದ್ದರು. ನಮ್ಮ ಮಗಳಿಗೆ ಆ ಕ್ರಮವೆಲ್ಲ ಬಾಯಿಪಾಠವಾಗಿದೆ. ಆಮೇಲೆ ಬೇರೆ ಕಂಪನಿಯಲ್ಲಿ, ಬೇರೆ ಮಾದರಿಯಲ್ಲಿ, ಕಿರಿಯ ಸಹಪೈಲಟ್ ಆಗಿ ಸೇರಿದರು. ಈಗ ಚೆನ್ನಾಗಿದ್ದಾರೆ.

ತೋಟದಮನೆಯ ಅಣ್ಣಾ, ಆ ಹನ್ನೊಂದು ತಿಂಗಳು ನಮಗೆ ಸಾಲವಿರಲಿಲ್ಲ, ಅದಕ್ಕೇ ತಡೆದುಕೊಂಡೆವು. ನಿಮ್ಮ ಅಕ್ಕನ ಮನೆಯಲ್ಲಿ ಈಗಾಗಲೇ ಒಂದು ಸಾಲವಿದೆ.

ಉತ್ತರ 5: ಸಹಪೈಲಟ್, ಕೊಪ್ಪ

ಹೊಸನಗರದ ಅಕ್ಕನವರು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ವಿನೋಬನಗರದವರಿಗೆ ಎರಡು ಮಾತು ಹೇಳಬೇಕೆನಿಸುತ್ತದೆ.

ನೀವು ಹೇಳಿದ ಆ ಬೇಡಿಕೆಗಳಲ್ಲಿ ಒಂದೇ ಒಂದು ಎ220 ಆಗಲಿ ಎಂಬ್ರೇಯರ್ ಇ2 ಆಗಲಿ ಇಲ್ಲ ಎಂಬುದನ್ನು ಗಮನಿಸಿ. ಅಂದರೆ ಮಧ್ಯಮ ಜೆಟ್‌ನ ಚರ್ಚೆ ಅನಗತ್ಯವಲ್ಲ, ಅದರ ಉತ್ತರ ಈಗಾಗಲೇ ಆ ಪಟ್ಟಿಗಳಲ್ಲಿ ಬರೆದಿದೆ. ಹೊಸದಾಗಿ ಬಂದ ಹುಡುಗನಿಗೆ ಏರಲು ಎರಡೇ ಮೆಟ್ಟಿಲು ಕಾಣುತ್ತವೆ, ಒಂದು ಎಟಿಆರ್‌ನದು, ಇನ್ನೊಂದು 180 ಆಸನದ ಜೆಟ್‌ನದು. ನಡುವಿನ ಮೆಟ್ಟಿಲು ಇದ್ದಿದ್ದರೆ ಚಿಕ್ಕ ಊರುಗಳಿಂದ ಹೆಚ್ಚು ವಿಮಾನಗಳು ಹೊರಡುತ್ತಿದ್ದವು, ಕ್ಯಾಪ್ಟನ್ ಹುದ್ದೆಗಳೂ ಹೆಚ್ಚುತ್ತಿದ್ದವು. ಎರಡನೆಯದಾಗಿ, ಬೇಡಿಕೆ ಸಲ್ಲಿಸಿದ ವಿಮಾನ ನಿಲ್ದಾಣದಲ್ಲಿ ನಿಂತ ವಿಮಾನವಲ್ಲ. 500 ವಿಮಾನಗಳು ಹಲವು ವರ್ಷಗಳಲ್ಲಿ ಹಂತಹಂತವಾಗಿ ಬರುತ್ತವೆ, ಹಳೆಯವು ಅದೇ ಸಮಯದಲ್ಲಿ ಗುತ್ತಿಗೆ ಮುಗಿದು ಹೊರಗೆ ಹೋಗುತ್ತವೆ. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ನ ಲೋಹದ ಪುಡಿಯ ದೋಷ 2023ರಲ್ಲಿ ಬಯಲಾದ ಮೇಲೆ, 2024ರ ಆರಂಭದಲ್ಲಿ ಇಂಡಿಗೋದಂಥ ಕಂಪನಿಯಲ್ಲೇ 70ಕ್ಕೂ ಹೆಚ್ಚು ವಿಮಾನಗಳು ನೆಲದಲ್ಲಿ ನಿಂತಿದ್ದವು. ಅದೇ ವರ್ಗದ ಎಂಜಿನ್ ಎ220 ಮತ್ತು ಇ2ರಲ್ಲೂ ಇರುವುದರಿಂದ, ನಮ್ಮಲ್ಲಿ ಮಧ್ಯಮ ಜೆಟ್ ಬಂದಿದ್ದರೂ ಆ ಕಾಟ ತಪ್ಪುತ್ತಿರಲಿಲ್ಲ ಎಂಬುದನ್ನು ನಾನು ಒಪ್ಪುತ್ತೇನೆ.

ಪೈಲಟ್‌ಗಳ ಬೇಡಿಕೆಯನ್ನು ವಿಮಾನಗಳ ಸಂಖ್ಯೆಯೊಂದೇ ನಿರ್ಧರಿಸುವುದಿಲ್ಲ, ವಿಶ್ರಾಂತಿಯ ನಿಯಮವೂ ನಿರ್ಧರಿಸುತ್ತದೆ. ಡಿಜಿಸಿಎ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿ, ಪೈಲಟ್ ರಾತ್ರಿ ವೇಳೆ ವಿಮಾನ ಇಳಿಸಬಹುದಾದ ಸಂಖ್ಯೆಯನ್ನು ಆರರಿಂದ ಎರಡಕ್ಕೆ ತಗ್ಗಿಸಿದ ನಿಯಮ 2025ರಲ್ಲಿ ಎರಡು ಹಂತಗಳಲ್ಲಿ ಜಾರಿಗೆ ಬಂದಾಗ, ಸಾಕಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್‌ನಲ್ಲಿ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದುದನ್ನು ನಾವೆಲ್ಲ ನೋಡಿದ್ದೇವೆ. ಹೊಸ ಹುಡುಗರಿಗೆ ಇದರಿಂದ ಅವಕಾಶ ಹೆಚ್ಚುತ್ತದೆ, ನಿಜ. ಆದರೆ ಪೈಲಟ್ ಬೇಕೆಂದಾಗ ಕಂಪನಿಗಳು ರೇಟಿಂಗ್ ಇಲ್ಲದವರನ್ನೂ ತೆಗೆದುಕೊಂಡು ತಾವೇ ತರಬೇತಿ ಕೊಡುತ್ತವೆ. ಬೇಡವೆಂದಾಗ ರೇಟಿಂಗ್ ಇದ್ದವರನ್ನೂ ಕರೆಯುವುದಿಲ್ಲ. ಎರಡೂ ಸ್ಥಿತಿಯಲ್ಲಿ ಆ 15 ಲಕ್ಷದಿಂದ ಹುಡುಗನಿಗೆ ಸಿಗುವ ಅನುಕೂಲ ಕಡಿಮೆ.

ಎಟಿಆರ್ ಬಗ್ಗೆ ಹಲವರಿಗೆ ತಾತ್ಸಾರವಿದೆ, ಅದು ಸರಿಯಲ್ಲ. ಆಷಾಢದ ಬೆಳಿಗ್ಗೆ ಸೋಗಾನೆಗೆ ಇಳಿಯುವಾಗ ಗಾಜಿನ ಮೇಲೆ ಮಳೆ ಹೊಡೆಯುತ್ತಿರುತ್ತದೆ, ಮೋಡದ ತಳ ಎಲ್ಲಿದೆಯೆಂದು ಕಣ್ಣು ಹುಡುಕುತ್ತಿರುತ್ತದೆ, ಅಡ್ಡಗಾಳಿಗೆ ರಡ್ಡರ್ ಪೆಡಲ್ ಮೇಲೆ ಕಾಲು ಸದಾ ಕೆಲಸದಲ್ಲಿರುತ್ತದೆ. ರನ್‌ವೇ ಕಾಣದಿದ್ದರೆ ಬೆಂಗಳೂರಿಗೆ ಮರಳುವ ನಿರ್ಧಾರವನ್ನು ಕೆಲವೇ ಕ್ಷಣಗಳಲ್ಲಿ ಮಾಡಬೇಕು. ದಿನಕ್ಕೆ ನಾಲ್ಕು ಸಲ ಏರಿಸಿ ಇಳಿಸಿದವನ ಕೈ ಪಳಗುತ್ತದೆ. ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಪರವಾನಗಿಯ 1,500 ಗಂಟೆಗಳು ಇದರಲ್ಲಿಯೇ ತುಂಬುತ್ತವೆ. ಮುಂದೆ ಜೆಟ್‌ಗೆ ಹೋಗುವುದಕ್ಕೆ ಅಡ್ಡಿಯಿಲ್ಲ, ನನ್ನ ಜೊತೆಯವರು ಇಬ್ಬರು ಹೋಗಿದ್ದಾರೆ.

ತೋಟದಮನೆ, ತೀರ್ಥಹಳ್ಳಿ

ಎಲ್ಲರ ಉತ್ತರಗಳನ್ನೂ ನಿನ್ನೆ ರಾತ್ರಿ ಭಾವನಿಗೂ ಅಕ್ಕನಿಗೂ ಓದಿ ಹೇಳಿದೆ. ಹೊಸನಗರದ ತಂಗಿಯ ಉತ್ತರ ಬಂದಾಗ ಅಕ್ಕ ಕಣ್ಣೊರೆಸಿಕೊಂಡಳು. ಸಾಗರದವರು ಕೊಟ್ಟ 2010, 2017ರ ಲೆಕ್ಕ ಕೇಳಿದ ಮೇಲೆ ಎಂಬ್ರೇಯರ್ ರೇಟಿಂಗ್‌ನ ಕಾಗದವನ್ನು ಭಾವ ಬದಿಗಿಟ್ಟರು. ಎ320ರದ್ದನ್ನೂ ಸದ್ಯಕ್ಕೆ ಬೇಡವೆಂದು ತೀರ್ಮಾನಿಸಿದ್ದೇವೆ. ಹುಡುಗ ಮೊದಲು ಸ್ವಲ್ಪ ಬೇಸರ ಮಾಡಿಕೊಂಡ, ಆಮೇಲೆ ಎಟಿಆರ್ ಇರುವ ಒಂದು ಕಂಪನಿಯ ಲಿಖಿತ ಪರೀಕ್ಷೆಗೆ ಅರ್ಜಿ ಹಾಕಲು ಒಪ್ಪಿದ. ಅಲ್ಲಿ ಆಯ್ಕೆಯಾದರೆ ತರಬೇತಿಯ ಖರ್ಚನ್ನು ಕಂಪನಿ ಹಾಕಿಕೊಂಡು ಕೆಲವು ವರ್ಷಗಳ ಬಾಂಡ್ ಬರೆಸಿಕೊಳ್ಳುತ್ತದಂತೆ. ಆ ಕರಾರಿನಲ್ಲಿ ನಾವು ಮುಖ್ಯವಾಗಿ ಏನನ್ನು ನೋಡಬೇಕು?

ಉತ್ತರ 6: ಸಹಪೈಲಟ್, ಕೊಪ್ಪ

ಮಾವನವರೇ, ಹುಡುಗನಿಗೆ ನನ್ನ ಶುಭಾಶಯ ತಿಳಿಸಿ. ಬಾಂಡ್‌ನ ಮೊತ್ತ ಎಷ್ಟು, ಎಷ್ಟು ವರ್ಷ, ಪ್ರತಿ ವರ್ಷ ದುಡಿದಂತೆ ಆ ಮೊತ್ತ ಇಳಿಯುತ್ತದೆಯೇ ಇಲ್ಲವೇ ಎಂಬುದನ್ನು ಮೊದಲು ನೋಡಿ. ಇಳಿಯದ ಬಾಂಡ್‌ಗೆ ಸಹಿ ಹಾಕುವ ಮೊದಲು ಕೇಳಿ ಬದಲಾಯಿಸಿಕೊಳ್ಳಲು ಪ್ರಯತ್ನಿಸಿ. ಬಾಂಡ್ ಮುಗಿದ ಮೇಲೂ, 2017ರ ಡಿಜಿಸಿಎ ನಿಯಮದಂತೆ ಸಹಪೈಲಟ್ ರಾಜೀನಾಮೆ ಕೊಡಲು 6 ತಿಂಗಳು, ಕ್ಯಾಪ್ಟನ್ ಆದರೆ ಒಂದು ವರ್ಷ ಮುಂಚೆ ತಿಳಿಸಬೇಕು ಎಂಬುದು ಅವನಿಗೆ ಗೊತ್ತಿರಲಿ. ಹಾರಾಟ ಕಡಿಮೆಯಾದ ತಿಂಗಳಲ್ಲೂ ಎಷ್ಟು ಗಂಟೆಗಳ ಸಂಬಳ ಖಚಿತ ಎಂಬ ಸಾಲನ್ನು ಹುಡುಕಿ ಓದಿ. ಹೊಸನಗರದ ಅಕ್ಕನವರ ಮನೆಯಲ್ಲಿ ಆದಾಯ ಕುಸಿದದ್ದು ಆ ಜಾಗದಲ್ಲಿಯೇ.

ಇನ್ನೊಂದು ಷರತ್ತನ್ನು ಹೆಚ್ಚಿನವರು ಕೇಳುವುದೇ ಇಲ್ಲ, ನಾನೂ ಕೇಳಿರಲಿಲ್ಲ. ಬಾಂಡ್‌ನ ಅವಧಿಯಲ್ಲಿ ಕಂಪನಿಯೇ ಎಟಿಆರ್ ವಿಮಾನಗಳನ್ನು ಕೈಬಿಟ್ಟು ಬೇರೆ ಮಾದರಿಗೆ ಹೋದರೆ, ಹೊಸ ರೇಟಿಂಗ್‌ನ ಖರ್ಚು ಯಾರದು, ಅದಕ್ಕಾಗಿ ಬಾಂಡ್ ಮತ್ತೆ ಮೊದಲ ದಿನದಿಂದ ಆರಂಭವಾಗುತ್ತದೆಯೇ ಎಂದು ಲಿಖಿತವಾಗಿ ಕೇಳಿ. ಉತ್ತರ ಬಂದ ಮೇಲೆ ಕರಾರಿನ ಪ್ರತಿಯನ್ನು ಶಿವಮೊಗ್ಗದಲ್ಲಿ ನಿಮಗೆ ಪರಿಚಯವಿರುವ ವಕೀಲರಿಗೊಮ್ಮೆ ತೋರಿಸಿ. ನಮ್ಮ ತಂದೆ ತೋರಿಸಿದ್ದರು, ಅದರಿಂದ ಜಾಮೀನುದಾರರ ಪುಟದಲ್ಲಿ ತೋಟದ ಸರ್ವೆ ನಂಬರ್ ಬರೆಯುವುದು ತಪ್ಪಿತು.